ಆಪರೇಷನ್ ನಂತರದ ನೋವಿಗೆ ಆಕ್ಯುಪಂಕ್ಚರ್: ಶುರು ಮಾಡುವ ಮೊದಲು, ಮಾಡಿಸುವಾಗ, ಆಮೇಲೆ

ಮೂರು ವರ್ಷದ ಹಿಂದೆ ನಮ್ಮಮ್ಮನ ಬಲಗಾಲಿನ ಮಂಡಿ ಬದಲಾಯಿಸಿದರು. ಆಪರೇಷನ್ ಚೆನ್ನಾಗಿಯೇ ಆಯಿತು. ನಾಲ್ಕನೇ ದಿನ ಬನಶಂಕರಿಯ ಮನೆಗೆ ಕರೆದುಕೊಂಡು ಬಂದೆವು. ಐದನೇ ರಾತ್ರಿ ಅಮ್ಮ ಕಣ್ಣು ಮುಚ್ಚಲಿಲ್ಲ, ನಾವೂ ಮುಚ್ಚಲಿಲ್ಲ. ಟ್ರಮಡಾಲ್ ಅನ್ನುವ ನೋವಿನ ಮಾತ್ರೆ ತಗೊಂಡರೆ ವಾಕರಿಕೆ, ತಲೆಸುತ್ತು, ಮೂರು ದಿನ ಹೊಟ್ಟೆ ಕಟ್ಟಿಕೊಳ್ಳುವುದು. ತಗೊಳ್ಳದಿದ್ದರೆ ನೋವು. ಆಗ ಪಕ್ಕದ ಬೀದಿಯವರೊಬ್ಬರು, "ಸೂಜಿ ಹಾಕಿಸಿ, ಒಂದೇ ಸಲಕ್ಕೆ ವಾಸಿಯಾಗುತ್ತೆ" ಅಂದರು.

ಸೂಜಿ ಅಂದರೆ ಆಕ್ಯುಪಂಕ್ಚರ್, ಮೈಯ ಕೆಲವು ಬಿಂದುಗಳಿಗೆ ಸಣ್ಣ ಸೂಜಿ ಚುಚ್ಚುವ ಚೀನೀ ಚಿಕಿತ್ಸೆ. ನಾವು ಯಾರನ್ನೂ ಕೇಳದೆ ಹೋದೆವು. ಅಲ್ಲಿದ್ದವರು ಡಿಸ್ಚಾರ್ಜ್ ಸಮರಿಯನ್ನು ಬಿಚ್ಚಿಯೂ ನೋಡಲಿಲ್ಲ. "ಇಂಗ್ಲಿಷ್ ಮಾತ್ರೆ ಎಲ್ಲ ನಿಲ್ಲಿಸಿ, ಇಲ್ಲದಿದ್ದರೆ ಸೂಜಿ ಕೆಲಸ ಮಾಡಲ್ಲ" ಅಂದರು. ಅಮ್ಮ ನಂಬಿಬಿಟ್ಟರು. ನೋವಿನ ಮಾತ್ರೆ ಮಾತ್ರ ಅಲ್ಲ, ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಟ್ಟಿದ್ದ ಮಾತ್ರೆಯನ್ನೂ ಬಿಟ್ಟರು. ನಾಲ್ಕು ದಿನ ನಮಗೆ ಗೊತ್ತೇ ಆಗಲಿಲ್ಲ. ನೋವಿಗೆ ಹೆದರಿ ವ್ಯಾಯಾಮವನ್ನೂ ನಿಲ್ಲಿಸಿದ್ದರು. ಫಿಸಿಯೋಥೆರಪಿಸ್ಟ್ ಬಂದು ಅಳೆದಾಗ 75 ಡಿಗ್ರಿ ಬಾಗುತ್ತಿದ್ದ ಮಂಡಿ 60ಕ್ಕೆ ಬಂದಿತ್ತು. ಕಾಲಲ್ಲಿ ರಕ್ತ ಹೆಪ್ಪುಗಟ್ಟಲಿಲ್ಲ, ಅದು ನಮ್ಮ ಪುಣ್ಯ.

ಆಮೇಲೆ ಸರ್ಜನ್‌ಗೆ ಎಲ್ಲ ಹೇಳಿ, ಅವರ ಒಪ್ಪಿಗೆಯ ಮೇಲೆ ಬೇರೊಬ್ಬರ ಹತ್ತಿರ ಹೋದೆವು. ಅಲ್ಲಿ ನಿಜವಾಗಿಯೂ ಉಪಯೋಗ ಆಯಿತು. ಅದೇ ಸೂಜಿ, ಅದೇ ಅಮ್ಮ. ಎರಡನೇ ಸಲ ಸೂಜಿಯನ್ನು ಡಾಕ್ಟರ್ ಕೊಟ್ಟ ಚಿಕಿತ್ಸೆಯ ಜೊತೆಗೆ ಸೇರಿಸಿಕೊಂಡಿದ್ದೆವು. ಮೊದಲ ಸಲ ಅದರ ಜಾಗದಲ್ಲಿ ಕೂರಿಸಿದ್ದೆವು. ನಾನು ವೈದ್ಯಳಲ್ಲ. ಆದರೆ ಆಮೇಲೆ ಸುಮಾರು ಓದಿದೆ, ಕೇಳಿದೆ. ನಮ್ಮ ಬೀದಿಯಲ್ಲಿ ಯಾರಿಗೆ ಆಪರೇಷನ್ ಆದರೂ ಈಗ ನನ್ನನ್ನು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು: ಎಷ್ಟು ಆಸೆ ಇಟ್ಟುಕೊಳ್ಳಬಹುದು

"ಚೀನಾದಲ್ಲಿ ಸೂಜಿ ಹಾಕಿಯೇ ಆಪರೇಷನ್ ಮಾಡುತ್ತಾರಂತೆ" ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಆ ಮಾತು ಹಬ್ಬಿದ್ದರಲ್ಲಿ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ ಅವರ ಕಥೆಯದು ದೊಡ್ಡ ಪಾಲು. 1971ರಲ್ಲಿ ಬೀಜಿಂಗ್‌ಗೆ ಹೋಗಿದ್ದಾಗ ಅವರಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ಅವರೇ ಬರೆದುಕೊಂಡ ಪ್ರಕಾರ ಆಪರೇಷನ್ ನಡೆದದ್ದು ಮಾಮೂಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು. ಆಮೇಲೆ ಹೊಟ್ಟೆ ಉಬ್ಬರಿಸಿ ಸಂಕಟವಾದಾಗ ಸೂಜಿ ಹಾಕಿದರು, ಸ್ವಲ್ಪ ಹೊತ್ತಿನಲ್ಲಿ ಹಗುರಾಯಿತು. ಅಂದರೆ ಅವತ್ತೂ ಸೂಜಿ ಜೊತೆಗೆ ಬಂದ ಚಿಕಿತ್ಸೆಯೇ.

ಅಧ್ಯಯನಗಳು ಹೇಳುವುದೂ ಹತ್ತಿರಹತ್ತಿರ ಇದನ್ನೇ. 2008ರಲ್ಲಿ ಬ್ರಿಟನ್ನಿನ ಅರಿವಳಿಕೆ ತಜ್ಞರ ಪತ್ರಿಕೆಯೊಂದು 15 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಮರ್ಶೆಯನ್ನು ಪ್ರಕಟಿಸಿತು. ಆಪರೇಷನ್ ಆದ ಮೊದಲ 24 ಗಂಟೆಯಲ್ಲಿ ಸೂಜಿ ಹಾಕಿಸಿಕೊಂಡವರಿಗೆ ಮಾರ್ಫಿನ್ ಜಾತಿಯ ಔಷಧಿ ಸರಾಸರಿ 8 ಮಿಲಿಗ್ರಾಂನಷ್ಟು ಕಡಿಮೆ ಸಾಕಾಯಿತು. ವಾಕರಿಕೆ, ತಲೆಸುತ್ತು, ಮಂಪರು, ಮೂತ್ರ ಕಟ್ಟುವುದು ಸಹ ಕಡಿಮೆ ಇತ್ತು. ಮಂಡಿ ಬದಲಾವಣೆಯ ರೋಗಿಗಳ ಬಗ್ಗೆಯೇ 2017ರಲ್ಲಿ ಬಂದ ಇನ್ನೊಂದು ವಿಮರ್ಶೆಯೂ ನೋವಿನ ಔಷಧಿ ಸ್ವಲ್ಪ ಕಡಿಮೆ ಬೇಕಾಗುತ್ತದೆ, ಆದರೆ ಪುರಾವೆ ಅಷ್ಟು ಗಟ್ಟಿ ಇಲ್ಲ ಅಂತ ಹೇಳಿತು.

ಇದನ್ನು ಅಮ್ಮನಿಗೆ ನಾನು ಹೇಳಿದ್ದು ಹೀಗೆ: ಹದಿನಾರಾಣೆ ನೋವಿದ್ದರೆ ಸೂಜಿಯಿಂದ ಎರಡಾಣೆಯೋ ಮೂರಾಣೆಯೋ ಇಳಿಯಬಹುದು. ಒಂದು ಮಾತ್ರೆ ಕಡಿಮೆ ಆಗಬಹುದು. ಅಷ್ಟರಿಂದಲೇ ರಾತ್ರಿ ಎರಡು ಗಂಟೆ ನಿದ್ದೆ ಹೆಚ್ಚಾಗಿ ಬಂದರೆ, ಬೆಳಿಗ್ಗೆ ಮಂಡಿ ಇನ್ನೈದು ಡಿಗ್ರಿ ಬಾಗಿದರೆ, ಅದೇನು ಕಡಿಮೆಯಾ?

ಸುಳ್ಳು ಸೂಜಿ (ನಿಜವಾದ ಚಿಕಿತ್ಸೆಯಂತೆ ತೋರುವ ನಟನೆ) ಹಾಕಿ ಹೋಲಿಸಿದ ಪ್ರಯೋಗಗಳಲ್ಲಿ ವ್ಯತ್ಯಾಸ ಸಣ್ಣದಾಗಿಬಿಡುತ್ತದೆ, ಕೆಲವದರಲ್ಲಿ ಇರುವುದೇ ಇಲ್ಲ. ಇದನ್ನೂ ತಿಳಿದುಕೊಂಡೇ ಹೋಗಬೇಕು. ಸೂಜಿ ತಾಗಿದಾಗ ಮೆದುಳು, ಬೆನ್ನುಹುರಿಯಲ್ಲಿ ಎಂಡಾರ್ಫಿನ್ ಅನ್ನುವ, ನಮ್ಮ ಮೈಯೇ ತಯಾರಿಸುವ ನೋವು ನಿವಾರಕ ಬಿಡುಗಡೆಯಾಗುತ್ತದೆ ಅನ್ನುವುದು 1970ರ ದಶಕದಿಂದ ಬಂದಿರುವ ವಿವರಣೆ. ಮಾರ್ಫಿನ್ ಕೆಲಸವನ್ನು ತಡೆಯುವ ನ್ಯಾಲೊಕ್ಸೋನ್ ಕೊಟ್ಟಾಗ ಸೂಜಿಯ ಪರಿಣಾಮವೂ ಕುಗ್ಗಿದ್ದರಿಂದ ಆ ಊಹೆ ಬಂತು.

ಸರ್ಜನ್ ಹತ್ತಿರ ಕೇಳುವುದು

ಇದೇ ಎಲ್ಲಕ್ಕಿಂತ ದೊಡ್ಡ ಹೆಜ್ಜೆ. ಬಹಳ ಜನ ಇದನ್ನೇ ಬಿಡುತ್ತಾರೆ. "ಡಾಕ್ಟರ್ ಬೈತಾರೆ" ಅನ್ನುವ ಭಯ. ನಮ್ಮ ಸರ್ಜನ್ ಬೈಯಲಿಲ್ಲ. ಎರಡೇ ನಿಮಿಷದಲ್ಲಿ ಯಾವ ಕಡೆ ಬೇಡ, ಯಾವಾಗಿಂದ ಆಗಬಹುದು ಅಂತ ಹೇಳಿದರು. ಒಪಿಡಿಯಲ್ಲಿ ನೂಕುನುಗ್ಗಲು ಇರುತ್ತದೆ. ಅದಕ್ಕೆ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಾನು ಬರೆದುಕೊಂಡಿದ್ದು ಇವು:

"ರಕ್ತ ತೆಳುವಾಗಿಸುವ ಔಷಧಿ ಎಷ್ಟು ದಿನ ಇದೆ? ಅದು ನಡೆಯುವಾಗ ಸೂಜಿ ಹಾಕಿಸಬಹುದಾ?"

"ಗಾಯದಿಂದ ಎಷ್ಟು ದೂರ ಇರಬೇಕು? ಈ ಕಾಲಿಗೆ ಹಾಕಲೇಬಾರದಾ?"

"ಹೊಲಿಗೆ ತೆಗೆಯುವ ತನಕ ಕಾಯಬೇಕಾ?"

"ನೋವು ಇಳಿದರೆ ಯಾವ ಮಾತ್ರೆ ಮೊದಲು ಕಡಿಮೆ ಮಾಡಬೇಕು?"

ಮೊದಲನೆಯದನ್ನು ಖಂಡಿತ ಕೇಳಿ. ಮಂಡಿ, ಸೊಂಟದ ಕೀಲು ಬದಲಾಯಿಸಿದವರಿಗೆ ಹೊಟ್ಟೆಗೆ ಇಂಜೆಕ್ಷನ್ ಅಥವಾ ಮಾತ್ರೆ ರೂಪದಲ್ಲಿ ಈ ಔಷಧಿ ಎರಡು ವಾರದಿಂದ ಐದು ವಾರದವರೆಗೂ ಇರಬಹುದು. ಸಣ್ಣ ಸೂಜಿಯಿಂದ ದೊಡ್ಡ ರಕ್ತಸ್ರಾವ ಆಗುವುದು ಅಪರೂಪ. ಆದರೆ ಸೂಜಿ ಹಾಕುವವರಿಗೆ ಗೊತ್ತಿದ್ದರೆ ಆಳಕ್ಕೆ ಹೋಗುವುದಿಲ್ಲ, ತೆಗೆದ ಮೇಲೆ ಹತ್ತಿಯಿಂದ ಜಾಸ್ತಿ ಹೊತ್ತು ಒತ್ತಿ ಹಿಡಿಯುತ್ತಾರೆ. ಯಾರೇ ಹೇಳಿದರೂ ಈ ಔಷಧಿಯನ್ನು ಸುಮ್ನೆ ನಿಲ್ಲಿಸಬೇಡಿ. ನಾವು ಆ ತಪ್ಪು ಮಾಡಿದವರು.

ಕೊನೆಯ ಪ್ರಶ್ನೆಯ ಬಗ್ಗೆಯೂ ಒಂದು ಮಾತು. ಟ್ರಮಡಾಲ್ ಮಾತ್ರೆಗಳಲ್ಲಿ ಎಷ್ಟೋ ಸಲ ಪ್ಯಾರಾಸಿಟಮಾಲ್ ಸೇರಿರುತ್ತದೆ. ಅದರ ಮೇಲೆ ಮನೆಯಲ್ಲಿದ್ದ ಡೋಲೋ 650 ನುಂಗಿದರೆ ಒಂದೇ ಔಷಧಿಯನ್ನು ಎರಡು ಸಲ ತಗೊಂಡ ಹಾಗೆ. ಎಲ್ಲ ಮಾತ್ರೆಯ ಸ್ಟ್ರಿಪ್‌ಗಳನ್ನೂ ಒಂದು ಕವರಿನಲ್ಲಿ ಹಾಕಿ ತಗೊಂಡು ಹೋಗಿ ತೋರಿಸಿ.

ಕೆಲವರು ಇನ್ನೂ ಜಾಸ್ತಿ ಜೋಪಾನ ಮಾಡಬೇಕು. ಪೇಸ್‌ಮೇಕರ್ ಇದ್ದವರಿಗೆ ಸೂಜಿಗೆ ಕರೆಂಟ್ ಕೊಡುವ ಎಲೆಕ್ಟ್ರೋ ಆಕ್ಯುಪಂಕ್ಚರ್ ಬೇಡ. ಸ್ತನದ ಆಪರೇಷನ್‌ನಲ್ಲಿ ಕಂಕುಳ ಗಂಟುಗಳನ್ನು ತೆಗೆದಿದ್ದರೆ ಆ ಕಡೆಯ ಕೈಗೆ ಸೂಜಿ ಬೇಡ, ಕೈ ಊದಿಕೊಳ್ಳುವ ಅಪಾಯ ಇರುತ್ತದೆ. ಕೀಮೋಥೆರಪಿ ನಡೆಯುತ್ತಿದ್ದರೆ ಬಿಳಿ ರಕ್ತಕಣ ಎಷ್ಟಿದೆ ಅಂತ ಕ್ಯಾನ್ಸರ್ ಡಾಕ್ಟರೇ ನೋಡಿ ಹೇಳಬೇಕು. ಗರ್ಭಿಣಿಯರಾದರೆ ಅದನ್ನು ಮೊದಲೇ ಹೇಳಿ, ಕೆಲವು ಬಿಂದುಗಳನ್ನು ಅವರಿಗೆ ಬಳಸುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಅಲ್ಲಿ ಸೂಜಿಯೂ ಬೇಡ, ಮಾಕ್ಸಾ ಅಂತ ಸೊಪ್ಪು ಸುಟ್ಟು ಕೊಡುವ ಶಾಖವೂ ಬೇಡ. ಸುಟ್ಟದ್ದು ಅವರಿಗೆ ಗೊತ್ತಾಗುವುದಿಲ್ಲ.

ಯಾರ ಹತ್ತಿರ ಹೋಗುವುದು

ಬೆಂಗಳೂರಿನಲ್ಲಿ ಬೋರ್ಡುಗಳಿಗೇನೂ ಬರ ಇಲ್ಲ. ಬೋರ್ಡಿನ ಹಿಂದೆ ಯಾವ ಓದು ಇದೆ ಅನ್ನುವುದೇ ಪ್ರಶ್ನೆ. ಕೇಂದ್ರ ಸರ್ಕಾರ 2003ರಲ್ಲಿ ಆಕ್ಯುಪಂಕ್ಚರನ್ನು ಒಂದು ಚಿಕಿತ್ಸಾ ವಿಧಾನ ಅಂತ ಒಪ್ಪಿತು. ಅಷ್ಟು ಮಾತ್ರಕ್ಕೆ ವಾರಾಂತ್ಯದ ಕೋರ್ಸ್ ಮುಗಿಸಿ ಬೋರ್ಡ್ ಹಾಕಿದವರೆಲ್ಲ ಆಪರೇಷನ್ ಆದ ರೋಗಿಯನ್ನು ಮುಟ್ಟಬಹುದು ಅಂತ ಆಗುವುದಿಲ್ಲ.

ನನ್ನ ಲೆಕ್ಕದಲ್ಲಿ ಎರಡು ಬಗೆಯವರನ್ನು ಹುಡುಕಬಹುದು. ಒಂದು, ಎಂಬಿಬಿಎಸ್ ಓದಿ ಆಮೇಲೆ ಆಕ್ಯುಪಂಕ್ಚರ್ ಕಲಿತವರು. ನೋವಿನ ಕ್ಲಿನಿಕ್ ನಡೆಸುವ ಅರಿವಳಿಕೆ ತಜ್ಞರಲ್ಲಿ ಇಂಥವರು ಸಿಗುತ್ತಾರೆ. ಇನ್ನೊಂದು, ಬಿಎನ್‌ವೈಎಸ್ ಓದಿದವರು. ಅದು ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೇ ಈ ಪದವಿ ಕೊಡುತ್ತದೆ, ಆಕ್ಯುಪಂಕ್ಚರ್ ಅದರ ಪಾಠಗಳಲ್ಲೊಂದು. ಅಮ್ಮನಿಗೆ ಹಾಕಿದವರು ಬಿಎನ್‌ವೈಎಸ್ ಓದಿದ ಒಬ್ಬ ಹೆಣ್ಣುಮಗಳು. ಕೆಲವು ಫಿಸಿಯೋಥೆರಪಿಸ್ಟ್‌ಗಳು ಮಾಡುವ ಡ್ರೈ ನೀಡ್ಲಿಂಗ್ ಬೇರೆ. ಅಲ್ಲಿ ಗಂಟುಗಟ್ಟಿದ ಸ್ನಾಯುವಿಗೇ ಸೂಜಿ ಹೋಗುತ್ತದೆ. ಹೊಸ ಗಾಯ ಇರುವಾಗ ಅದನ್ನೂ ಇದನ್ನೂ ಒಂದೇ ಅಂದುಕೊಳ್ಳಬೇಡಿ.

ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ (ಕೆಪಿಎಂಇ) ಕೆಳಗೆ ನೋಂದಣಿ ಮಾಡಿಸಬೇಕು. ಆ ಸರ್ಟಿಫಿಕೇಟ್ ಗೋಡೆಯ ಮೇಲೆ ಇದೆಯಾ ನೋಡಿ. ಕಾಣಿಸದಿದ್ದರೆ ಕೇಳಿ, ಅದರಲ್ಲಿ ಸಂಕೋಚ ಏನಿಲ್ಲ. ಫೋನಿನಲ್ಲೇ ಮೂರು ವಿಷಯ ಕೇಳಿಬಿಡಿ: ಆಪರೇಷನ್ ಆದವರನ್ನು ನೋಡಿ ಅನುಭವ ಇದೆಯಾ, ಸೂಜಿ ಪ್ರತಿ ಸಲ ಹೊಸದಾ, ನಮ್ಮ ಸರ್ಜನ್ ಜೊತೆ ಬೇಕಾದರೆ ಮಾತಾಡುತ್ತೀರಾ. ಮೂರನೆಯದಕ್ಕೆ "ಅದೆಲ್ಲ ಯಾಕೆ" ಅಂದರೆ ಬೇರೆ ಕಡೆ ನೋಡಿ.

ಹತ್ತು ಸಲಕ್ಕೆ ಒಟ್ಟಿಗೆ ದುಡ್ಡು ಕಟ್ಟಿಸಿಕೊಳ್ಳುವ ಪ್ಯಾಕೇಜ್ ಬೇಡ. ಸಲಕ್ಕೆ ಇಷ್ಟು ಅಂತ ಕೊಡಿ. ಆರೋಗ್ಯ ವಿಮೆಯಲ್ಲಿ ಹೀಗೆ ಹೋಗಿಬಂದು ಮಾಡಿಸುವ ಚಿಕಿತ್ಸೆಗೆ ಸಾಮಾನ್ಯವಾಗಿ ದುಡ್ಡು ಬರುವುದಿಲ್ಲ, ಒಮ್ಮೆ ವಿಮೆಯವರನ್ನು ಕೇಳಿ ನೋಡಿ.

ಹೋಗುವ ದಿನ

ನಮ್ಮ ಊರಿನ ರಸ್ತೆಯೇ ಅರ್ಧ ನೋವು. ಬನಶಂಕರಿಯಿಂದ ಜಯನಗರ ಕೂಗಳತೆ ದೂರ. ಆದರೂ ಮೊದಲ ಸಲ ಆಟೋದಲ್ಲಿ ರಸ್ತೆಯ ಪ್ರತಿ ಹಂಪ್‌ಗೂ ಅಮ್ಮ "ಅಯ್ಯೋ ರಾಮ" ಅನ್ನುತ್ತಿದ್ದರು. ಸೂಜಿಯಿಂದ ಇಳಿದ ನೋವನ್ನು ವಾಪಸ್ ಬರುವ ದಾರಿ ಮತ್ತೆ ಏರಿಸಿಬಿಡುತ್ತದೆ. ಆಮೇಲೆ ಕ್ಯಾಬ್ ತಗೊಂಡು, ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಕಾಲು ಚಾಚಿ ಕೂರಿಸಿದೆವು. ಹನ್ನೊಂದು ಗಂಟೆ ಮೇಲೆ ಹೊರಟರೆ ಟ್ರಾಫಿಕ್ಕೂ ಕಡಿಮೆ. ಮೆಟ್ರೋ ನಿಲ್ದಾಣದಲ್ಲಿ ಲಿಫ್ಟ್ ಇದೆ ನಿಜ. ಆದರೆ ಇಳಿದ ಮೇಲೆ ಫುಟ್‌ಪಾತ್ ಮೇಲೆ ವಾಕರ್ ತಳ್ಳಿಕೊಂಡು ಹೋಗುವುದು ಮೊದಲ ತಿಂಗಳಲ್ಲಿ ಆಗದ ಮಾತು. ಮನೆಗೇ ಬರುವವರು ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು.

ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಸೂಜಿ ಹಾಕಿದಾಗ ಕೆಲವರಿಗೆ ತಲೆ ಸುತ್ತುತ್ತದೆ. ಎರಡು ಇಡ್ಲಿ ತಿಂದು ಒಂದು ಗಂಟೆ ಬಿಟ್ಟು ಹೋಗಿ. ನೋವಿನ ಮಾತ್ರೆಯನ್ನು ಅದರ ಹೊತ್ತಿಗೆ ಸರಿಯಾಗಿ ತಗೊಂಡೇ ಹೋಗಿ. ಪ್ಯಾಂಟ್ ಬದಲು ನೈಟಿ ಅಥವಾ ಸಡಿಲ ಪಂಚೆ ಇರಲಿ. ಜ್ವರ ಇದ್ದ ದಿನ ಸೂಜಿ ಬೇಡ, ಅವತ್ತು ಸರ್ಜನ್‌ಗೆ ಫೋನ್ ಮಾಡುವ ದಿನ.

ಸೂಜಿ ಹಾಕುವಾಗ

ಮಲಗಿಸಿಯೇ ಹಾಕಬೇಕು, ಅದರಲ್ಲೂ ಮೊದಲ ಸಲ. ಸೂಜಿ ಪ್ಯಾಕೆಟ್‌ಗಳನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು. ಇಂಜೆಕ್ಷನ್ ಸೂಜಿಯಂತೆ ಇದು ಟೊಳ್ಳಲ್ಲ, ಒಳಗೆ ಔಷಧಿ ಇರುವುದಿಲ್ಲ. ಕೂದಲೆಳೆಯ ಎರಡು ಮೂರು ಪಟ್ಟು ದಪ್ಪ ಅಷ್ಟೇ, ಸಾಮಾನ್ಯವಾಗಿ ಕಾಲು ಮಿಲಿಮೀಟರ್ ಆಸುಪಾಸು. ಚುಚ್ಚಿದ್ದು ಇರುವೆ ಕಚ್ಚಿದ ಹಾಗೆ. ಆಮೇಲೆ ಆ ಜಾಗದಲ್ಲಿ ಭಾರ, ಜುಮ್ಮೆನ್ನುವುದು, ಎಳೆದ ಹಾಗೆ ಆಗುವುದು ಸಹಜ. ಕರೆಂಟ್ ಹೊಡೆದಂತೆ ಚುರುಕ್ ಅಂದರೆ ತಕ್ಷಣ ಹೇಳಬೇಕು. ವಯಸ್ಸಾದವರು "ಚಿಕಿತ್ಸೆ ಅಂದ್ಮೇಲೆ ನೋಯಲೇಬೇಕು" ಅಂತ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಾರೆ. ಹಾಗೆ ಇರಬಾರದು ಅಂತ ಮೊದಲೇ ಹೇಳಿಡಿ.

ಮಂಡಿ ನೋವಿಗೆ ಮಂಡಿಗೇ ಚುಚ್ಚುತ್ತಾರೆ ಅಂತ ಅಮ್ಮ ಹೆದರಿದ್ದರು. ಸೂಜಿ ಹಾಕಿದಾಕೆ ಗಾಯದ ಹತ್ತಿರಕ್ಕೂ ಹೋಗಲಿಲ್ಲ. ಹೆಬ್ಬೆರಳು ತೋರುಬೆರಳ ನಡುವಿನ ಮಾಂಸದ ಜಾಗ, ಕಿವಿ, ಮಣಿಕಟ್ಟು, ಆಮೇಲೆ ಆಪರೇಷನ್ ಆಗದ ಎಡಗಾಲಿನಲ್ಲಿ ಮಂಡಿಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ ಹೊರಬದಿ. ಹೊಸ ಕೀಲು ಹಾಕಿದ ಜಾಗಕ್ಕೆ ಸೋಂಕು ತಗುಲಿದರೆ ಅದನ್ನು ಸರಿಮಾಡುವುದು ಬಹಳ ಕಷ್ಟ. ಊದಿಕೊಂಡ, ಕೆಂಪಾದ, ಹೊಲಿಗೆ ಇರುವ ಜಾಗಕ್ಕೆ ಯಾರಾದರೂ ಸೂಜಿ ಎತ್ತಿದರೆ ನೀವೇ ಬೇಡ ಅನ್ನಿ.

ಇಪ್ಪತ್ತರಿಂದ ಮೂವತ್ತು ನಿಮಿಷ ಸೂಜಿ ಇರುತ್ತದೆ. ಆ ಹೊತ್ತಿನಲ್ಲಿ ಅಮ್ಮ ನಿದ್ದೆ ಹೋಗುತ್ತಿದ್ದರು. ಹಾಕುವಾಗ ಎಷ್ಟು ಸೂಜಿ ಅಂತ ಎಣಿಸಿ, ತೆಗೆಯುವಾಗಲೂ ಎಣಿಸಿ. ನೈಟಿಯ ಮಡಿಕೆಯಲ್ಲಿ ಒಂದು ಉಳಿದುಬಿಡುವುದು ಇದ್ದೇ ಇದೆ. ಮನೆಗೆ ಬಂದು ಹಾಕುವವರು ಬಳಸಿದ ಸೂಜಿಗಳನ್ನು ಚುಚ್ಚಿ ಹೊರಬರದ ಗಟ್ಟಿ ಬಿಳಿ ಡಬ್ಬಿಯಲ್ಲಿ ಹಾಕಿ ತಾವೇ ಒಯ್ಯಬೇಕು. ದಯವಿಟ್ಟು ಅದನ್ನು ಮನೆಯ ಕಸಕ್ಕೆ ಹಾಕಬೇಡಿ. ಬೆಳಿಗ್ಗೆ ಕಸ ವಿಂಗಡಿಸುವ ಪೌರಕಾರ್ಮಿಕರ ಕೈಗೆ ಅದು ಚುಚ್ಚುತ್ತದೆ.

ವಾಕರಿಕೆಗೆ ಮನೆಯಲ್ಲೇ, ಸೂಜಿ ಇಲ್ಲದೆ ಮಾಡಬಹುದಾದ್ದು ಒಂದಿದೆ. ಅಂಗೈಯನ್ನು ಮೇಲ್ಮುಖವಾಗಿ ಇಟ್ಟುಕೊಳ್ಳಿ. ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳು ಮೇಲಕ್ಕೆ, ಎರಡು ನರದಂತೆ ಉಬ್ಬಿರುವ ಸ್ನಾಯುಹುರಿಗಳ ನಡುವೆ ಒಂದು ಬಿಂದು ಇದೆ. ಪಿ6 ಅಂತ ಕರೆಯುತ್ತಾರೆ. ಅಲ್ಲಿ ಹೆಬ್ಬೆರಳಿನಿಂದ ಎರಡು ಮೂರು ನಿಮಿಷ ಒತ್ತಿ. ಇದರ ಬಗ್ಗೆ ಪುರಾವೆ ನೋವಿಗಿಂತ ಗಟ್ಟಿಯಾಗಿಯೇ ಇದೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2015ರ ವಿಮರ್ಶೆ 59 ಪ್ರಯೋಗಗಳನ್ನು ನೋಡಿ, ಆಪರೇಷನ್ ನಂತರದ ವಾಕರಿಕೆ, ವಾಂತಿ ಇದರಿಂದ ಕಡಿಮೆಯಾಗುತ್ತದೆ ಅಂತ ಹೇಳಿದೆ. ನಮ್ಮಮ್ಮ ಟಿವಿ ನೋಡುತ್ತಾ ತಾವೇ ಒತ್ತಿಕೊಳ್ಳುತ್ತಿದ್ದರು.

ಉಪಯೋಗ ಆಗುತ್ತಿದೆಯಾ ಅಂತ ತಿಳಿಯುವುದು

"ಹತ್ತರಲ್ಲಿ ಎಷ್ಟು ನೋವು?" ಅಂತ ಆಸ್ಪತ್ರೆಯಲ್ಲಿ ಕೇಳುತ್ತಾರೆ. ಅಮ್ಮನಿಗೆ ಆ ಲೆಕ್ಕ ಹಿಡಿಸಲಿಲ್ಲ. "ಇದೆ ಕಣೇ" ಅನ್ನುತ್ತಿದ್ದರು ಅಷ್ಟೇ. ಆಣೆ ಲೆಕ್ಕ ಕೇಳಿದಾಗ ಥಟ್ಟನೆ ಹೇಳಿದರು: "ಇವತ್ತು ಹತ್ತಾಣೆ." ಅಂದಿನಿಂದ ಗೋಡೆಯ ಮೇಲಿದ್ದ ಬೆಂಗಳೂರು ಪ್ರೆಸ್ ಕ್ಯಾಲೆಂಡರೇ ನಮ್ಮ ದಾಖಲೆ. ಪ್ರತಿ ದಿನದ ಚೌಕದಲ್ಲಿ ನಾಲ್ಕು ಸಂಖ್ಯೆ ಬರೆದೆವು: ನೋವು ಎಷ್ಟು ಆಣೆ, ನೋವಿನ ಮಾತ್ರೆ ಎಷ್ಟು, ರಾತ್ರಿ ಎಷ್ಟು ಗಂಟೆ ನಿದ್ದೆ, ಮಂಡಿ ಎಷ್ಟು ಡಿಗ್ರಿ. ಸೂಜಿ ಹಾಕಿಸಿದ ದಿನಕ್ಕೆ ಒಂದು ಚುಕ್ಕೆ.

ಮೊದಲ ಎರಡು ವಾರ ವಾರಕ್ಕೆ ಎರಡು ಸಲ ಹೋದೆವು. ನಾಲ್ಕು ಸಲ ಆದ ಮೇಲೆ ಕ್ಯಾಲೆಂಡರ್ ಮುಂದೆ ನಿಂತು ನೋಡಿದೆವು. ಚುಕ್ಕೆ ಇದ್ದ ದಿನದ ರಾತ್ರಿ ನಿದ್ದೆ ಜಾಸ್ತಿ ಇತ್ತು. ಮಾತ್ರೆ ದಿನಕ್ಕೆ ಮೂರರಿಂದ ಒಂದಕ್ಕೆ ಬಂದಿತ್ತು. ಆಪರೇಷನ್ ನೋವು ದಿನ ಕಳೆದ ಹಾಗೆ ತಾನಾಗಿಯೂ ಇಳಿಯುತ್ತದೆ ಅನ್ನುವುದು ನನಗೆ ಗೊತ್ತು, ಎಲ್ಲ ಶ್ರೇಯ ಸೂಜಿಗೆ ಕೊಡುವುದಿಲ್ಲ. ನಾಲ್ಕೈದು ಸಲ ಆದರೂ ಚುಕ್ಕೆ ಇದ್ದ ದಿನಕ್ಕೂ ಇಲ್ಲದ ದಿನಕ್ಕೂ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿಬಿಡಿ. ನೋವು ಇಳಿದ ಆ ಒಂದೆರಡು ಗಂಟೆಯನ್ನು ವ್ಯರ್ಥ ಮಾಡಬೇಡಿ, ಫಿಸಿಯೋಥೆರಪಿಯನ್ನು ಆಗಲೇ ಇಟ್ಟುಕೊಳ್ಳಿ. ನಮಗೆ ಅತಿ ಹೆಚ್ಚು ಲಾಭ ಆಗಿದ್ದು ಅಲ್ಲೇ.

ಮಾತ್ರೆ ಕಡಿಮೆ ಮಾಡುವಾಗ ಸರ್ಜನ್ ಹೇಳಿದ ಕ್ರಮದಲ್ಲೇ ಮಾಡಿ. ನಮಗೆ ಮೊದಲು ಟ್ರಮಡಾಲ್ ಇಳಿಸಿ, ಪ್ಯಾರಾಸಿಟಮಾಲ್ ಕೊನೆಗೆ ಬಿಡಿ ಅಂದಿದ್ದರು.

ಸೂಜಿ ಬಿಟ್ಟು ಆಸ್ಪತ್ರೆಗೆ ಹೋಗಬೇಕಾದಾಗ

ಇಳಿಯುತ್ತಿದ್ದ ನೋವು ಇದ್ದಕ್ಕಿದ್ದಂತೆ ಏರಿದರೆ ಸೂಜಿಯಿಂದ ಅದನ್ನು ಮುಚ್ಚಬೇಡಿ. ಗಾಯದಿಂದ ಕೀವು, ಸುತ್ತಲೂ ಕೆಂಪು, 101 ಡಿಗ್ರಿ ದಾಟಿದ ಜ್ವರ ಇದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅದನ್ನು ತಿಕ್ಕಬೇಡಿ, ಎಣ್ಣೆ ನೀವಬೇಡಿ. ಎದೆನೋವು, ಉಸಿರಾಟದ ತೊಂದರೆ ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ. ಭುಜ, ಎದೆ, ಬೆನ್ನಿನ ಮೇಲ್ಭಾಗಕ್ಕೆ ಸೂಜಿ ಹಾಕಿಸಿದ ಮೇಲೆ ಉಸಿರು ಹಿಡಿದಂತಾದರೆ ಶ್ವಾಸಕೋಶಕ್ಕೆ ತಾಗಿರುವ ಸಾಧ್ಯತೆ ಇರುತ್ತದೆ. ಬಹಳ ಅಪರೂಪ. ಆದರೂ ಆಸ್ಪತ್ರೆಯಲ್ಲಿ "ಸೂಜಿ ಹಾಕಿಸಿದ್ದೆವು" ಅಂತ ಮುಚ್ಚಿಡದೆ ಹೇಳಿ.

ಸಣ್ಣ ನೀಲಿ ಕಲೆ, ಒಂದು ಹನಿ ರಕ್ತ, ಸೂಜಿ ತೆಗೆದ ಮೇಲೆ ಅರ್ಧ ದಿನದ ಸುಸ್ತು ಇವುಗಳಿಗೆ ಹೆದರಬೇಕಿಲ್ಲ. ಸೂಜಿ ಹಾಕಿಸಿದ ದಿನ ಮನೆಗೆ ಬಂದು ಫಿಸಿಯೋಥೆರಪಿ ಮುಗಿಸಿ, ಆಮೇಲೆ ಮಲಗಲಿ.

ಅಮ್ಮ ಒಟ್ಟು ಏಳು ಸಲ ಹಾಕಿಸಿಕೊಂಡರು. ಏಳನೇ ಸಲ ಸೂಜಿ ಹಾಕುವಾಕೆ ಕ್ಯಾಲೆಂಡರಿನ ಫೋಟೋ ನೋಡಿ, "ಎರಡಾಣೆಗೆ ಬಂದಿದೆಯಲ್ಲ ಅಮ್ಮ, ಇನ್ನು ನನ್ನ ಹತ್ತಿರ ಬರೋದು ಬೇಡ, ದಿನಾ ಎರಡು ಸಲ ನಡೀರಿ" ಅಂತ ಕಳಿಸಿಕೊಟ್ಟರು.